ಸೂರತ್ತಿನ ಗೋರಿ, ಕೊಚ್ಚಿಯ ಗಿಡ

ಸೂರತ್ತಿನ ನಮ್ಮ ಬಂಧುಗಳಲ್ಲಿ ಕತಾರ್‌ಗಾಮ್ ದರವಾಜೆಯ ಕಡೆ ಓಡಾಡದವರಾರು? ಆದರೆ ಅಲ್ಲಿಯ ಡಚ್ಚರ ಗೋರಿಗಳನ್ನು ನಿಂತು ನೋಡಿದವರು ಕಡಿಮೆಯೇ ಇರಬೇಕು. ನಾವೂ ಮೊನ್ನೆ ಮೊನ್ನೆಯ ತನಕ ನೋಡಿರಲಿಲ್ಲ. ಗುಮ್ಮಟವೇನು, ಕಂಬಗಳೇನು! "ಇಲ್ಲಿ ಯಾವ ರಾಜ ಮಲಗಿದ್ದಾನೆ?" ಎಂದು ಕೇಳಿದಳು ನಮ್ಮ ಮಗಳು.

ರಾಜನಲ್ಲ. 1670ರ ದಶಕದಲ್ಲಿ ಕೊಚ್ಚಿಯಲ್ಲಿ ಡಚ್ ಕಂಪನಿಯ ಅಧಿಕಾರಿಯಾಗಿದ್ದ ವಾನ್ ರೀಡ್. 1691ರ ಡಿಸೆಂಬರಿನಲ್ಲಿ ಸೂರತ್ತಿಗೆ ಬರುತ್ತ ಹಡಗಿನಲ್ಲೇ ತೀರಿಕೊಂಡ. ಮಲಬಾರಿನ ಗಿಡಮರಗಳ ಮೇಲೆ ಆತ ಮಾಡಿಸಿದ 'ಹೊರ್ಟುಸ್ ಮಲಬಾರಿಕುಸ್' ಗ್ರಂಥ 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾಯಿತು. ಗಿಡಗಳ ಗುಣ ಹೇಳಿದವರು ಇಟ್ಟಿ ಅಚ್ಯುತನ್ ಎಂಬ ವೈದ್ಯರು. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿಗರು.

ನಮ್ಮ ಮನಸ್ಸು ಮಾತ್ರ ಕೆತ್ತಿದವರ ಕಡೆಗೇ ಹೋಯಿತು. ಮಲಬಾರಿನಲ್ಲಿ ಬರೆದ ಚಿತ್ರವನ್ನು ಹಾಲೆಂಡಿನಲ್ಲಿ ತಾಮ್ರದ ತಗಡಿನ ಮೇಲೆ ಉಕ್ಕಿನ ಮೊನೆಯಿಂದ ಗೆರೆಗೆರೆಯಾಗಿ ಕೊರೆಯಬೇಕು. ಗೆರೆಗಳಿಗೆ ಮಸಿ ತುಂಬಿ, ಮೇಲಿನ ಮಸಿ ಒರೆಸಿ, ಒದ್ದೆ ಕಾಗದ ಹಾಸಿ ಒತ್ತಿದರೆ ಚಿತ್ರ ಮೂಡುತ್ತದೆ. ಆದರೆ ಎಡಬಲ ತಿರುವುಮುರುವು! ಆದ್ದರಿಂದ ಅಕ್ಷರಗಳನ್ನು ತಲೆಕೆಳಗು ಮಾಡದೆ, ಕನ್ನಡಿಯಲ್ಲಿ ಕಂಡಂತೆ ಕೊರೆಯಬೇಕು. ಗಿಡದ ಹೆಸರೋ ರೋಮನ್, ಮಲಯಾಳ, ಅರಬ್ಬಿ, ನಾಗರಿ ಲಿಪಿಗಳಲ್ಲಿ. ಓದಲು ಬಾರದ ಅಕ್ಷರವನ್ನು ಹಿಂದುಮುಂದಾಗಿ ಕೊರೆದವನ ಪಾಡೇನು? ಗುಜರಾತಿಗೆ ಬಂದ ಹೊಸತರಲ್ಲಿ ಬಸ್ಸಿನ ಬೋರ್ಡನ್ನು ಚಿತ್ರದಂತೆ ಚೀಟಿಯಲ್ಲಿ ಬರೆದುಕೊಂಡು ಅಲೆದ ನಮಗೆ ಅದು ಸ್ವಲ್ಪ ಗೊತ್ತು. ಹೆಚ್ಚಿನ ಚಿತ್ರಗಳಲ್ಲಿ ಕೆತ್ತಿದವನ ಸಹಿಯೂ ಇಲ್ಲ. ನಕಲು ತೆಗೆಯುವ ಗುಮಾಸ್ತೆಯ ಹಣೆಬರಹ ಎಲ್ಲೆಡೆಯೂ ಒಂದೇ ಎಂದು ನಮ್ಮ ಮನೆಯವರು ನಕ್ಕರು.

ಈ ಚಿತ್ರಗಳು ಈಗ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಕೆಲವನ್ನು ಅಚ್ಚು ಹಾಕಿಸಿ ತಂದೆವು. ಮೊದಲ ಸಂಪುಟದ ಮೊದಲ ಗಿಡ 'ತೆಂಗ', ರೋಮನ್ ಅಕ್ಷರ ಕೂಡಿಸಿ ಓದಿದ ಮಗಳು, "ಅಯ್ಯೋ, ಇದು ನಮ್ಮ ತೆಂಗು!" ಎಂದಳು. 'ಕನಿರಂ' ಎಂಬುದರ ಬಳಿ ಮಾತ್ರ ನಾವೆಲ್ಲ ತೆಪ್ಪಗಾದೆವು. ಆ ಹಾಳೆಯಲ್ಲಿ ಕನ್ನಡವಿಲ್ಲ, ನಮ್ಮ ತಲೆಯಲ್ಲೂ ಇಲ್ಲ.

ರಜೆಗೆ ಶಿವಮೊಗ್ಗದಿಂದ ಬಂದಿದ್ದ ಅಜ್ಜಿ ಕನ್ನಡಕ ಏರಿಸಿ ಎಲೆ ನೋಡಿದರು, ಕಾಯಿ ನೋಡಿದರು. "ಕಾಸರಕ ಕಣೇ! ಬೀಜ ವಿಷ, ಬಾಯಿಗೆ ಹಾಕೀಯೆ," ಎಂದರು. ಮುನ್ನೂರು ವರ್ಷಕ್ಕೂ ಹಿಂದಿನ ಗೆರೆ ನೋಡಿ ಗಿಡ ಗುರುತಿಸಿದರಲ್ಲ!

ಮಗಳು ಪೆನ್ಸಿಲಿನಿಂದ ಅಂಚಿನಲ್ಲಿ 'ಕಾಸರಕ' ಎಂದು ಕನ್ನಡದಲ್ಲಿ ಬರೆದಳು. 'ಸ'ಕಾರ ಸ್ವಲ್ಪ ಸೊಟ್ಟಗಾಗಿದೆ. ಅಜ್ಜಿ ಊರಿಗೆ ಹೊರಡಲು ಇನ್ನು ಹನ್ನೊಂದು ದಿನ. ಹಾಳೆಗಳು ಬಹಳ ಇವೆ.