ಕೆಲಸವಿಲ್ಲದವನ ಯೆಜ್ಡಿ

ಕೆಲಸ ಹುಡುಕುತ್ತಿರುವವನು ಖುಷಿಯಾಗಿರಬಾರದು ಎಂಬುದು ನಮ್ಮ ಮನೆಗಳ ಅಲಿಖಿತ ಕಾನೂನು. ಬೆಳಿಗ್ಗೆ ಎದ್ದು ಜಾಬ್ ಪೋರ್ಟಲ್ ನೋಡಬೇಕು, ಮಧ್ಯಾಹ್ನ ಆಪ್ಟಿಟ್ಯೂಡ್ ಲೆಕ್ಕ ಬಿಡಿಸಬೇಕು, ಸಂಜೆ ಪಕ್ಕದ ಮನೆಯವರು ‘ಏನಾಯ್ತಪ್ಪಾ?’ ಅಂದರೆ ಮುಖ ಸಪ್ಪೆ ಮಾಡಿಕೊಂಡು ‘ನೋಡ್ತಾ ಇದ್ದೀನಿ ಆಂಟಿ’ ಅನ್ನಬೇಕು. ಇದರ ಮಧ್ಯೆ ಹುಡುಗನೊಬ್ಬ ಕೈಯೆಲ್ಲ ಗ್ರೀಸ್ ಮಾಡಿಕೊಂಡು ನಗುತ್ತಾ ಮನೆಗೆ ಬಂದರೆ ಅದು ಅಪರಾಧ. ಒಂಬತ್ತು ತಿಂಗಳು ನಾನು ಈ ಅಪರಾಧ ಮಾಡಿದ್ದೇನೆ. ಅದರ ಪರವಾಗಿ ವಾದ ಮಾಡುವುದಕ್ಕೇ ಈ ಬರಹ.

ಅಪರಾಧದ ಹೆಸರು ಯೆಜ್ಡಿ ರೋಡ್‌ಕಿಂಗ್. ತಿಪಟೂರಿನ ಹತ್ತಿರ ದೊಡ್ಡಪ್ಪನ ತೋಟದ ಶೆಡ್‌ನಲ್ಲಿ ತೆಂಗಿನಕಾಯಿ ರಾಶಿಯ ಹಿಂದೆ ಹದಿನಾಲ್ಕು ವರ್ಷ ನಿಂತಿತ್ತು. ಕಿಕ್ಕರ್ ಅಲ್ಲಾಡುತ್ತಿರಲಿಲ್ಲ, ಟ್ಯಾಂಕಿನೊಳಗೆ ತುಕ್ಕು, ಸೀಟಿನೊಳಗೆ ಇಲಿ. ಆದರೆ ಆರ್‌ಸಿ ಪುಸ್ತಕ ದೊಡ್ಡಪ್ಪನ ಟ್ರಂಕಿನಲ್ಲಿ ಭದ್ರವಾಗಿತ್ತು. ಹಳೆಯ ಬೈಕಿಗೆ ಕೈಹಾಕಬೇಕೆಂದಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಇಂಜಿನ್ ನೋಡುವ ಮೊದಲು ಕಾಗದ ನೋಡಿ. ಚಾಸಿ ನಂಬರ್, ಇಂಜಿನ್ ನಂಬರ್ ಆರ್‌ಸಿಗೆ ತಾಳೆಯಾಗದಿದ್ದರೆ ಬಂಗಾರದ ಬೈಕಾದರೂ ಬೇಡ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬೇಕು. ಅದಕ್ಕೆ ಗಾಡಿಯನ್ನು ಆರ್‌ಟಿಒ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಲೇಬೇಕು.

ಹೊರದೇಶಗಳಲ್ಲಿ ನಮ್ಮ ವಯಸ್ಸಿನವರು ಹಳೆಯ ಜೆಟ್ ಸ್ಕೀಗಳನ್ನು ಗುಜರಿ ಬೆಲೆಗೆ ತಂದು ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸಿ ಬೇಸಿಗೆಯಲ್ಲಿ ಕೆರೆಗೆ ಇಳಿಸುತ್ತಾರಂತೆ. 1970ರ ದಶಕದಲ್ಲಿ ಕವಾಸಾಕಿ ಆ ಹೆಸರಿನಲ್ಲಿ ತಂದ ಯಂತ್ರಗಳೂ ಎರಡು ಸ್ಟ್ರೋಕಿನವೇ, ನಮ್ಮ ಯೆಜ್ಡಿಯ ನೀರಿನ ದಾಯಾದಿಗಳು. ನನಗೂ ಆಸೆ ಇತ್ತು, ಬಿಡಿ. ಆದರೆ ನಮ್ಮ ಕೆರೆ ಯಾವುದು? ವರ್ತೂರಿನದು ನೊರೆ ಎಬ್ಬಿಸಿ ರಸ್ತೆಗೆ ಬರುತ್ತಿತ್ತು, ಬೆಳ್ಳಂದೂರಿನದು 2017ರ ಫೆಬ್ರುವರಿಯಲ್ಲಿ ಹೊತ್ತಿಕೊಂಡು ಉರಿಯಿತು. ಕೆರೆಗೇ ಬೆಂಕಿ ಬೀಳುವ ಊರಿನಲ್ಲಿ ಎರಡು ಚಕ್ರವೇ ಕ್ಷೇಮ.

ಯೆಜ್ಡಿಯಲ್ಲಿ ಇನ್ನೊಂದು ಸೆಳೆತವಿದೆ. ಅದು ನಮ್ಮ ನೆಲದ ಬೈಕು. ಮುಂಬೈನ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿಯವರು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟುಹಾಕಿದರು. ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ. ಮರುವರ್ಷದಿಂದ ಜಾವಾ ಬೈಕುಗಳು ಹೊರಬಂದವು, 1973ರಿಂದ ಯೆಜ್ಡಿ ಎಂಬ ಹೆಸರು, 1978ರಲ್ಲಿ ರೋಡ್‌ಕಿಂಗ್. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅದರ ಗೇಟಿನೊಳಗೆ ಕೆಲಸ ಕಲಿತವರು, ಅಲ್ಲಿಗೆ ಭಾಗ ಮಾಡಿಕೊಟ್ಟವರು, ಊರೂರಲ್ಲಿ ರಿಪೇರಿ ಮಾಡಿಕೊಂಡಿದ್ದವರು ಒಂದೇ ದಿನದಲ್ಲಿ ಮಾಯವಾಗಲಿಲ್ಲ. ಅಂಥವರ ಕೈಗಳಲ್ಲಿ ಆ ವಿದ್ಯೆ ಇನ್ನೂ ಉಸಿರಾಡುತ್ತಿದೆ. ಪೀಣ್ಯದಲ್ಲಿ ನನಗೆ ಸಿಕ್ಕಿದ್ದು ಅಂಥದೊಂದು ಜೊತೆ ಕೈ.

ನಾನಿರುವುದು ದಾಸರಹಳ್ಳಿ. ಪೀಣ್ಯ ಕೈಗಾರಿಕಾ ಪ್ರದೇಶ ಎಂದರೆ ನನಗೆ ಬಾಲ್ಯದಿಂದಲೂ ಲಾರಿ, ಧೂಳು, ಮೂರು ಪಾಳಿಯ ಸೈರನ್. 2014ರಲ್ಲಿ ಮೆಟ್ರೊ ಬಂದ ಮೇಲೆ ಮೇಲಿನಿಂದ ಅದರ ತಗಡಿನ ಚಾವಣಿಗಳನ್ನು ನೋಡುತ್ತಾ ಹೋಗುವುದು ಅಭ್ಯಾಸವಾಯಿತು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ ನಾಲ್ಕು ವರ್ಷವೂ ಆ ಚಾವಣಿಗಳ ಕೆಳಗೆ ನಾನು ಇಳಿದಿರಲಿಲ್ಲ. ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಒಂದು ಲೇತ್‌ಗೆ ಎಂಟು ಜನ. ಒಬ್ಬ ಟರ್ನಿಂಗ್ ಮಾಡುತ್ತಾನೆ, ಏಳು ಜನ ರೆಕಾರ್ಡ್ ಬರೆಯುತ್ತಾರೆ. ಮೈಲ್ಡ್ ಸ್ಟೀಲ್ ತುಂಡು ಉಜ್ಜಿ ಚೌಕದ ಜಾಯಿಂಟ್ ಮಾಡಿದ್ದೇ ನನ್ನ ಕೈ ಮಾಡಿದ ಏಕೈಕ ‘ಉತ್ಪನ್ನ’. ಪ್ಲೇಸ್‌ಮೆಂಟ್‌ಗೆ ಬಂದವರೆಲ್ಲ ಸಾಫ್ಟ್‌ವೇರ್‌ನವರು. ನನ್ನ ಸಹಪಾಠಿಗಳಲ್ಲಿ ಅರ್ಧದಷ್ಟು ಜನ ಈಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಬಸ್ಸುಗಳಲ್ಲಿದ್ದಾರೆ. ಥರ್ಮೋಡೈನಮಿಕ್ಸ್ ಓದಿ ಟೆಸ್ಟಿಂಗ್ ಮಾಡುತ್ತಿದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಸಂಬಳ ಬರುತ್ತದೆ. ನಾನು ಒಂದು ವರ್ಷ ಅಪ್ರೆಂಟಿಸ್ ಆಗಿದ್ದೆ. ಅವಧಿ ಮುಗಿಯಿತು, ಕಾಯಂ ಆಗಲಿಲ್ಲ. ಸ್ಟೈಪೆಂಡ್‌ನಲ್ಲಿ ಉಳಿದದ್ದು 40 ಸಾವಿರ. ಅಷ್ಟೇ ನನ್ನ ಬಜೆಟ್. ಅದರ ಮೇಲೆ ಒಂದು ರೂಪಾಯಿಯನ್ನೂ ಮನೆಯಲ್ಲಿ ಕೇಳುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟೆ.

ಎರಡು ಸ್ಟ್ರೋಕ್ ಇಂಜಿನ್ ಬಡವರ ಇಂಜಿನ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿರುತ್ತವೆ, ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತಾ ಅವುಗಳನ್ನು ತೆರೆದು ಮುಚ್ಚುತ್ತದೆ. ಪಿಸ್ಟನ್ ಮೇಲೇರಿದಾಗ ಕೆಳಗಿನ ಕ್ರ್ಯಾಂಕ್‌ಕೇಸ್ ಕಾರ್ಬ್ಯುರೇಟರಿನಿಂದ ಪೆಟ್ರೋಲು–ಗಾಳಿಯನ್ನು ಎಳೆದುಕೊಳ್ಳುತ್ತದೆ, ಇಳಿದಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತದೆ. ಅಂದರೆ ಇಂಜಿನ್ನಿನ ಹೊಟ್ಟೆಯೇ ಒಂದು ಪಂಪು. ಇದು ಪುಸ್ತಕದಲ್ಲಿದೆ, ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಚಿತ್ರಸಹಿತ ಬರೆದಿದ್ದೇನೆ. ಪುಸ್ತಕ ಹೇಳದೇ ಇದ್ದದ್ದು ಏನೆಂದರೆ, ಆ ಹೊಟ್ಟೆಯ ಎರಡೂ ಬದಿಗೆ ಇರುವ ಎರಡು ರಬ್ಬರ್ ಸೀಲುಗಳ ಮೇಲೆ ಇಡೀ ಇಂಜಿನ್ನಿನ ಮಾನ ನಿಂತಿದೆ ಎಂಬುದು. ಕ್ಲಚ್ ಕಡೆಯ ಸೀಲ್ ಹೋದರೆ ಅಲ್ಲಿನ ಆಯಿಲ್ ಒಳಗೆ ಸೇರಿ ಬೀದಿಯೆಲ್ಲ ಬಿಳಿ ಹೊಗೆ. ಇನ್ನೊಂದು ಕಡೆಯದು ಹೋದರೆ ಹೊರಗಿನ ಗಾಳಿ ನುಸುಳಿ ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೊಗೆ ನೋಡಿ ಕಾರ್ಬ್ಯುರೇಟರ್ ಬಿಚ್ಚುವವರೇ ಜಾಸ್ತಿ ಎಂದು ಪೀಣ್ಯದ ನನ್ನ ಗುರುಗಳು ನಗುತ್ತಾರೆ.

ಗುರುಗಳು ಅಂದೆ. ಪೀಣ್ಯ ಎರಡನೇ ಹಂತದ ಒಂದು ಗಲ್ಲಿಯಲ್ಲಿ ಇಪ್ಪತ್ತಕ್ಕೆ ಮೂವತ್ತು ಅಡಿಯ ಜಾಗ, ಒಂದು ಹಳೆಯ ಎಚ್‌ಎಂಟಿ ಲೇತ್, ಒಂದು ಬೋರಿಂಗ್ ಯಂತ್ರ, ಒಂದು ಹೈಡ್ರಾಲಿಕ್ ಪ್ರೆಸ್. ವಯಸ್ಸು ಅರವತ್ತು ದಾಟಿದೆ. ದೊಡ್ಡ ಕಂಪನಿಗಳಿಗೆ ಬುಷ್, ಪಿನ್ ಮಾಡಿಕೊಡುವುದು ಅವರ ಹೊಟ್ಟೆಪಾಡು, ನನ್ನಂಥವರ ಬಿಡಿ ಕೆಲಸದಿಂದ ಅವರಿಗೆ ನಷ್ಟವೇ. ಹಾಗಾಗಿ ‘ಶನಿವಾರ ಸಂಜೆ ಬಾ, ಯಂತ್ರ ಖಾಲಿ ಇದ್ರೆ ನೋಡೋಣ’ ಎಂಬ ಒಪ್ಪಂದ. ಖಾಲಿ ಇಲ್ಲದ ಶನಿವಾರಗಳೇ ಹೆಚ್ಚು. ಆಗ ನಾನು ಚಿಪ್ಸ್ ಗುಡಿಸುತ್ತಿದ್ದೆ, ಚಹಾ ತರುತ್ತಿದ್ದೆ, ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ. ಒಂಬತ್ತು ತಿಂಗಳು ಹಿಡಿದದ್ದು ಇದಕ್ಕೇ.

ಯೆಜ್ಡಿಯ ಸಿಲಿಂಡರ್ 65 ಮಿ.ಮೀ. ಅಗಲ, ಪಿಸ್ಟನ್ 75 ಮಿ.ಮೀ. ಓಡಾಡುತ್ತದೆ. ಸವೆದ ಸಿಲಿಂಡರನ್ನು ಕೊರೆದು ಕಾಲು ಮಿ.ಮೀ. ಲೆಕ್ಕದಲ್ಲಿ ದೊಡ್ಡ ಪಿಸ್ಟನ್ ಹಾಕುತ್ತಾ ಹೋಗಬಹುದು. ನಮ್ಮದಕ್ಕೆ ಅರ್ಧ ಮಿ.ಮೀ. ಸಾಕಾಯಿತು. ಅಳತೆ ಕೊಟ್ಟು ಬೋರ್ ಮಾಡಿಕೊಡಿ ಅಂದೆ. ‘ಮೊದ್ಲು ಪಿಸ್ಟನ್ ತಗೊಂಬಾ. ಡಬ್ಬಿ ಮೇಲೆ ಬರೆದಿರೋ ಸೈಜ್‌ಗೆ ನಾನು ಬೋರ್ ಮಾಡಲ್ಲ, ಕೈಯಲ್ಲಿರೋ ಪಿಸ್ಟನ್‌ಗೆ ಮಾಡ್ತೀನಿ’ ಅಂದರು. ಒಂದೇ ಸೈಜಿನ ಎರಡು ಪಿಸ್ಟನ್ ಅಳೆದು ತೋರಿಸಿದರು. ಎರಡೂ ಒಂದೇ ಇರಲಿಲ್ಲ! ಕೊರೆದಾದ ಮೇಲೆ ಕಿಂಡಿಗಳ ಅಂಚನ್ನು ಸಣ್ಣ ಕಲ್ಲಿನಿಂದ ನವಿರು ಮಾಡಿದರು. ಅದನ್ನು ಮಾಡದಿದ್ದರೆ ಪಿಸ್ಟನ್ ರಿಂಗ್ ಆ ಅಂಚಿಗೆ ಸಿಕ್ಕಿಕೊಂಡು ತುಂಡಾಗುತ್ತದೆ. ಐದು ನಿಮಿಷದ ಕೆಲಸ, ಬಿಲ್ಲಿನಲ್ಲಿ ಬರುವುದಿಲ್ಲ.

ಕ್ರ್ಯಾಂಕ್‌ಶಾಫ್ಟ್ ಇನ್ನೂ ನಾಜೂಕು. ಎರಡು ಚಕ್ರಗಳನ್ನು ನಡುವಿನ ಪಿನ್ನಿಗೆ ಪ್ರೆಸ್‌ನಲ್ಲಿ ಒತ್ತಿ ಕೂರಿಸಿರುತ್ತಾರೆ. ಹೊಸ ಕನೆಕ್ಟಿಂಗ್ ರಾಡ್ ಹಾಕಲು ಅದನ್ನು ಬಿಡಿಸಿ ಮತ್ತೆ ಒತ್ತಿದಾಗ ಎರಡೂ ಚಕ್ರ ಒಂದೇ ರೇಖೆಯಲ್ಲಿ ನಿಲ್ಲಬೇಕು. ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಮುಳ್ಳು 0.20 ಮಿ.ಮೀ. ಓಲಾಡಿತು. ತಾಮ್ರದ ಸುತ್ತಿಗೆಯಿಂದ ಒಂದು ಏಟು, ಮತ್ತೆ ತಿರುಗಿಸು, ಮತ್ತೊಂದು ಏಟು. ಎಲ್ಲಿ, ಎಷ್ಟು ಜೋರಾಗಿ ಹೊಡೆಯಬೇಕೆಂದು ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ‘ಗೊತ್ತಾಗ್ತದೆ’ ಅಂದರು. ಕೊನೆಗೆ ಸುತ್ತಿಗೆ ನನ್ನ ಕೈಗೇ ಕೊಟ್ಟರು. ಎರಡು ಗಂಟೆ ಹೊಡೆದ ಮೇಲೆ ಮುಳ್ಳು 0.04ಕ್ಕೆ ಬಂತು. ಆ ಸಂಜೆ ಮೆಟ್ರೊ ಬಿಟ್ಟು ಮನೆಯವರೆಗೆ ನಡೆದುಕೊಂಡೇ ಬಂದೆ. ಡಿಗ್ರಿ ಸರ್ಟಿಫಿಕೇಟ್ ಕೈಗೆ ಬಂದ ದಿನವೂ ಅಷ್ಟು ಖುಷಿಯಾಗಿರಲಿಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ: ಇಂಜಿನ್ನಿಗೇ 13,400. ಟೈರು, ಬಣ್ಣ, ವೈರಿಂಗ್, ಕೇಬಲ್, ಕಾಗದಪತ್ರ, ತಿಪಟೂರಿನಿಂದ ತಂದ ಟೆಂಪೊ ಬಾಡಿಗೆ ಎಲ್ಲ ಸೇರಿ ಒಟ್ಟು 36,900. ಸೈಲೆನ್ಸರ್‌ಗಳಿಗೆ ಕ್ರೋಮ್ ಮಾಡಿಸಲು ದುಡ್ಡು ಸಾಲಲಿಲ್ಲ, ಕಪ್ಪು ಹೀಟ್ ಪೇಂಟ್ ಬಳಿದಿದ್ದೇನೆ. ಶುದ್ಧವಾದಿಗಳು ಮೂಗು ಮುರಿಯುತ್ತಾರೆ, ಮುರಿಯಲಿ. ಉಳಿತಾಯವಾದದ್ದು ಹೆಚ್ಚಾಗಿ ಕಾಯುವುದರಿಂದ. ಕಲಾಸಿಪಾಳ್ಯ, ಜೆ.ಸಿ. ರಸ್ತೆಯ ಅಂಗಡಿಗಳನ್ನು ನಾಲ್ಕೈದು ಸಲ ಸುತ್ತಿದರೆ ಬೆಲೆ ಮತ್ತು ಅಸಲಿ–ನಕಲಿ ಎರಡೂ ತಿಳಿಯುತ್ತವೆ. ಒಂದು ಅಂಗಡಿಯಲ್ಲಿ ಕೊಂಡ ಸೀಲ್ ಪೆಟ್ರೋಲಿಗೆ ಊದಿಕೊಂಡಿತು. ಕೂರಿಸುವ ಮೊದಲು ಒಂದು ರಾತ್ರಿ ಪೆಟ್ರೋಲಿನಲ್ಲಿ ನೆನೆಸಿ ನೋಡು ಎಂದಿದ್ದವರು ಗುರುಗಳೇ, ಹಾಗಾಗಿ ಹಾನಿಯಾಗಲಿಲ್ಲ.

ಆಕ್ಷೇಪಗಳಿವೆ, ನನಗೂ ಗೊತ್ತು. ಮೊದಲನೆಯದು ಹೊಗೆ. ಎರಡು ಸ್ಟ್ರೋಕ್ ಇಂಜಿನ್ನಿನಲ್ಲಿ ಹೊಗೆ ಹೊರಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಮಿಶ್ರಣ ಒಳಬರುತ್ತದೆ. ಒಂದಿಷ್ಟು ಸುಡದೆಯೇ ಹೊರಗೆ ಹೋಗುತ್ತದೆ. ಜೊತೆಗೆ ಪೆಟ್ರೋಲಿಗೆ ಬೆರೆಸಿದ ಆಯಿಲ್ ಬೇರೆ. ಇಂಥ ಬೈಕುಗಳು ರಸ್ತೆಯಿಂದ ಹೋದದ್ದು ಒಳ್ಳೆಯದೇ ಆಯಿತು. ಪೀಣ್ಯದ ಗಾಳಿಗೆ ನನ್ನ ಕೊಡುಗೆ ಬೇಕಿಲ್ಲ. ಹಾಗಾಗಿ ನಾನದನ್ನು ದಿನಾ ಓಡಿಸುವುದಿಲ್ಲ, ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಹೆಸರಘಟ್ಟದ ಕಡೆ, ಅಷ್ಟೇ. ಉಳಿದ ದಿನ ಬಿಎಂಟಿಸಿ.

ಎರಡನೆಯದು ನನ್ನ ಅಪ್ಪನ ಆಕ್ಷೇಪ, ಅದು ಗಟ್ಟಿ. ‘ಇದರಿಂದ ಕೆಲಸ ಸಿಗುತ್ತಾ?’ ಸಿಗಲಿಲ್ಲ. ಹಳೆಯ ಬೈಕು ಕಟ್ಟಿದವನಿಗೆ ಕೆಲಸ ಓಡಿ ಬರುತ್ತದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಸುಳ್ಳು. ಒಂದು ಇಂಟರ್‌ವ್ಯೂನಲ್ಲಿ ಹೇಳಿದೆ. ಎದುರಿಗಿದ್ದವರು ‘ನೈಸ್ ಹಾಬಿ’ ಅಂದು ಮುಂದಿನ ಪ್ರಶ್ನೆಗೆ ಹೋದರು. ಅಂತಿಮ ವರ್ಷದ ಪ್ರಾಜೆಕ್ಟನ್ನು ರೆಡಿಮೇಡ್ ಕೊಂಡು ತಂದವನಿಗೂ ನನಗೂ ಆ ಟೇಬಲ್ಲಿನ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಅಪ್ಪನ ಪ್ರಶ್ನೆಗೆ ನನ್ನದೊಂದು ಮರುಪ್ರಶ್ನೆ ಇದೆ. ಈ ಒಂಬತ್ತು ತಿಂಗಳಲ್ಲಿ ನಾನು 70ಕ್ಕೂ ಹೆಚ್ಚು ಅರ್ಜಿ ಹಾಕಿದ್ದೇನೆ. ಬಹುಪಾಲು ಉತ್ತರವೇ ಇಲ್ಲ. ಬೇಡ ಎಂದೂ ಹೇಳದ ಜಗತ್ತಿನ ಮುಂದೆ ದಿನಾ ನಿಲ್ಲುವವನಿಗೆ, ವಾರಕ್ಕೊಮ್ಮೆಯಾದರೂ ತಕ್ಷಣ ಉತ್ತರ ಕೊಡುವ ವಸ್ತುವೊಂದು ಬೇಡವೇ? ಡಯಲ್ ಗೇಜ್ ಸುಳ್ಳು ಹೇಳುವುದಿಲ್ಲ, ‘ವಿ ವಿಲ್ ಗೆಟ್ ಬ್ಯಾಕ್ ಟು ಯು’ ಅನ್ನುವುದಿಲ್ಲ. 0.20 ಅಂದರೆ 0.20. ನಾಳೆ 0.04 ಆದರೆ ಅದು ನಾನು ಮಾಡಿದ್ದು. ನನ್ನ ರೂಮ್‌ಮೇಟ್ ಆಗಿದ್ದ ಹುಡುಗ ಇದೇ ಅವಧಿಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು, ಫೋನ್ ಎತ್ತದೆ, ಕೊನೆಗೆ ಊರಿಗೆ ಹೋಗಿಬಿಟ್ಟ. ಅವನು ನನಗಿಂತ ಬುದ್ಧಿವಂತ.

ಗುರುಗಳ ಬಗ್ಗೆ ಇನ್ನೊಂದು ಮಾತು. ಅವರ ಮಗ ವೈಟ್‌ಫೀಲ್ಡ್‌ನಲ್ಲಿದ್ದಾನೆ, ಚೆನ್ನಾಗಿದ್ದಾನೆ. ಅಂಗಡಿಗೆ ಬರುವುದಿಲ್ಲ, ಬರಲಿ ಎಂದು ಇವರಿಗೂ ಇಲ್ಲ. ಕೆಲಸಕ್ಕೆ ಹುಡುಗರು ಸಿಗುವುದಿಲ್ಲ. ಸಿಕ್ಕವರು ಮೂರು ತಿಂಗಳಿಗೆ ಡೆಲಿವರಿ ಕೆಲಸಕ್ಕೆ ಹೋಗುತ್ತಾರೆ, ಅಲ್ಲಿ ಕೈಗೆ ಹೆಚ್ಚು ಬರುತ್ತದೆ. ತಾಮ್ರದ ಸುತ್ತಿಗೆಯ ಏಟು ಎಲ್ಲಿ ಬೀಳಬೇಕೆಂಬುದು ಅವರೊಂದಿಗೇ ಮುಗಿಯುತ್ತದೆ. ಇಲ್ಲಿ ಸಾವಿರಾರು ಡಿಪ್ಲೊಮಾ, ಐಟಿಐ, ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಅದೇ ಮೆಟ್ರೊ ಹಳಿಯ ಕೆಳಗೆ ಇಂಥ ನೂರಾರು ಅಂಗಡಿಗಳು. ಕಾಲೇಜುಗಳು ವರ್ಷಕ್ಕೊಂದು ‘ಇಂಡಸ್ಟ್ರಿಯಲ್ ವಿಸಿಟ್’ ಎಂದು ಗೋವಾ ದಾರಿಯಲ್ಲಿ ಒಂದು ಕಾರ್ಖಾನೆ ತೋರಿಸುವ ಬದಲು, ಆರು ಶನಿವಾರ ಹುಡುಗರನ್ನು ಪೀಣ್ಯದ ಒಂದೊಂದು ಲೇತ್ ಪಕ್ಕ ನಿಲ್ಲಿಸಿ, ಆ ಟರ್ನರ್‌ಗೆ ಗೌರವಧನ ಕೊಟ್ಟರೆ ಏನು ಕಷ್ಟ? ಸಿಲೆಬಸ್ ಬದಲಿಸಬೇಕಿಲ್ಲ, ಬಸ್ ಪಾಸ್ ಸಾಕು. ಕಾಲೇಜು ಮಾಡುವವರೆಗೆ ಕಾಯಲೂಬೇಕಿಲ್ಲ. ಯೆಜ್ಡಿಯೇ ಆಗಬೇಕೆಂದಿಲ್ಲ, ಮನೆಯ ಹಳೆ ಮಿಕ್ಸಿ, ಅಜ್ಜನ ಪಂಪ್‌ಸೆಟ್, ಲೂನಾ, ಯಾವುದಾದರೂ ಸರಿ. ಇಬ್ಬರು ಸೇರಿದರೆ ಖರ್ಚು ಅರ್ಧ, ಜಗಳ ಎರಡು ಪಟ್ಟು.

ನನ್ನದು ಪೂರ್ತಿ ಮುಗಿದಿಲ್ಲ. ಸ್ಪೀಡೊಮೀಟರ್ ಇನ್ನೂ ಸುಮ್ಮನಿದೆ, ಎಡಗಡೆಯ ಸೈಲೆನ್ಸರ್ ಬಲಗಡೆಯದಕ್ಕಿಂತ ಜೋರು. ಟ್ಯಾಂಕಿನ ಮೇಲಿನ ಗೆರೆಗಳನ್ನು ಕೈಯಲ್ಲೇ ಎಳೆಯುವ ಒಬ್ಬ ಪೇಂಟರ್ ಶಿವಾಜಿನಗರದಲ್ಲಿ ಇದ್ದಾರೆಂದು ಗುರುಗಳು ಹೇಳಿದ್ದಾರೆ. ಕೈಯಲ್ಲಿ 3,100 ರೂಪಾಯಿ ಉಳಿದಿದೆ. ಜುಲೈ ಎರಡನೇ ಭಾನುವಾರ ಬೆಂಗಳೂರಿನಲ್ಲಿ ಜಾವಾ–ಯೆಜ್ಡಿ ಬೈಕಿನವರೆಲ್ಲ ಸೇರುತ್ತಾರೆ. ಗೆರೆ ಎಳೆಸಲು ಆಗದಿದ್ದರೂ ಅಷ್ಟರೊಳಗೆ ಸ್ಪೀಡೊಮೀಟರ್ ಕೇಬಲ್ ಹಾಕಿಸಬೇಕು.