ತೆನೆಯ ಚಿತ್ರ ನಂಬಿ ಕೂತರೆ

ಟ್ಯಾಂಗ್ರಾದ, ತಿರೆಟ್ಟಾ ಬಜಾರಿನ ಚೀನೀ ಅಡುಗೆಮನೆಗಳಿಂದ ಬೀದಿಗೆ ಬಂದ ಚೌಮೀನ್ ಇಂದು ಕೋಲ್ಕತ್ತದ ಸ್ವಂತ ತಿಂಡಿ. ಅದರ ಮೇಲೆ ನಮಗೆ ಮುನಿಸಿಲ್ಲ. ಕಳವಳ ಬೇರೆಯದು. ಅಪರೂಪಕ್ಕೊಮ್ಮೆ ಸಂಜೆ ತಿನ್ನುತ್ತಿದ್ದ ಮೈದಾ ಎಳೆ, ನೂಡಲ್ಸ್ ಮತ್ತು ಪಾಸ್ತಾದ ರೂಪದಲ್ಲಿ ಮಕ್ಕಳ ಶಾಲೆಯ ಡಬ್ಬಿಗೆ ಇಳಿದಿದೆ. ಬೆಳಗ್ಗೆ ಮೈದಾದ ಲೂಚಿ, ಮಧ್ಯಾಹ್ನ ಬಿಳಿ ಅನ್ನ, ಸಂಜೆ ಮತ್ತೆ ಮೈದಾ ಆದರೆ ಆ ದಿನ ಮಗುವಿಗೆ ನಾರು ಸಿಗುವುದೆಲ್ಲಿಂದ? ಅಲ್ಲಿನ ಕನ್ನಡದ ಮನೆಗಳೂ, ಇಲ್ಲಿ ಬೆಂಗಳೂರಿನ ಮನೆಗಳೂ ಇದಕ್ಕೆ ಹೊರತಲ್ಲ. ಡಬ್ಬಿ ಖಾಲಿಯಾಗಿ ಬಂದರೆ ತಾಯಂದಿರಿಗೆ ಸಮಾಧಾನ. ಆದರೆ ಮಗು ಮನೆಗೆ ಬಂದೊಡನೆ ಮತ್ತೆ ಹಸಿವೆನ್ನುತ್ತದೆ, ಬೆಳಗ್ಗೆ ಹೊಟ್ಟೆ ಸಲೀಸಾಗಿ ಖಾಲಿಯಾಗುವುದಿಲ್ಲ. ಇವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ಇಂಥದ್ದು ಹಿಂದೆಯೂ ಆಗಿದೆ. ಏಷ್ಯಾದ ಊರೂರಿಗೆ ಅಕ್ಕಿ ಗಿರಣಿ ಬಂದಾಗ ತೌಡಿಲ್ಲದ ಹೊಳಪಿನ ಅನ್ನ ಅಂತಸ್ತಿನ ಗುರುತಾಯಿತು. ತಟ್ಟೆ ತುಂಬಿಯೇ ಇತ್ತು, ಕಾಲುಗಳು ಮಾತ್ರ ಸೋತವು. 1890ರ ದಶಕದಲ್ಲಿ ಜಾವಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮಾನ್ ಬಿಳಿ ಅಕ್ಕಿ ತಿಂದ ಕೋಳಿಗಳು ತೂರಾಡುವುದನ್ನು ಕಂಡರು. ತೌಡಿನ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಂಡವು. ಕಾಲು ಸೋಲಿಸುವ ಬೆರಿಬೆರಿ ಕಾಯಿಲೆಯ ಆ ಸುಳಿವಿಗೆ ನೊಬೆಲ್ ಬಂದದ್ದು 1929ರಲ್ಲಿ. ಅಷ್ಟರಲ್ಲಿ ಎಷ್ಟೋ ಜೀವ ಹೋಗಿತ್ತು.

ಈ ಸಲ ಪರಿಹಾರ ಮೊದಲೇ ಕೈಯಲ್ಲಿದೆ: ಎಳೆಯನ್ನು ರಾಗಿ, ಕಡಲೆ ಹಿಟ್ಟಿನಲ್ಲೇ ಮಾಡುವುದು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮೈದಾದಲ್ಲಿ 20ರ ಆಸುಪಾಸು. ಗೋಧಿಯಲ್ಲಿ ಕಡಿಮೆಯಿರುವ ಲೈಸಿನ್ ಕಡಲೆ ಹಿಟ್ಟಿನಲ್ಲಿ ಧಾರಾಳ. ರಾಗಿಗೆ ಗ್ಲುಟೆನ್ ಇಲ್ಲ, ಎಳೆ ನಿಲ್ಲದು ಎನ್ನುವವರು ನಮ್ಮ ಒತ್ತು ಶಾವಿಗೆಯನ್ನು ನೋಡಲಿ: ಹಿಟ್ಟನ್ನು ಮೊದಲು ಬೇಯಿಸಿ ಒತ್ತಿದರೆ ಪಿಷ್ಟವೇ ಅಂಟಾಗಿ ಹಿಡಿಯುತ್ತದೆ. ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ ಜೋಳದ ಪಾಸ್ತಾವನ್ನೇ ಮಾಡಿ ತೋರಿಸಿದೆ.

ಹೆದರಿಕೆ ಇರುವುದು ಅರೆಬರೆ ಸುಧಾರಣೆಯಲ್ಲಿ. ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ 2023ಕ್ಕೆ ಮುಗಿಯಿತು, ನೂಡಲ್ಸ್, ಪಾಸ್ತಾ ಪೊಟ್ಟಣಗಳ ಮೇಲೆ ತೆನೆಯ ಚಿತ್ರ ಉಳಿಯಿತು. ಹಿಂಬದಿ ತಿರುಗಿಸಿ ಓದಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಮೊದಲ ಹೆಸರು ಮೈದಾ ಆಗಿದ್ದು ರಾಗಿ ಎಲ್ಲೋ ಕೊನೆಗಿದ್ದರೆ, ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ‘ಸಿರಿಧಾನ್ಯವನ್ನೇ ಕೊಡುತ್ತಿದ್ದೇವಲ್ಲ’ ಎಂಬ ನೆಮ್ಮದಿ ಮೈದಾಕ್ಕಿಂತ ಕೆಟ್ಟದ್ದು. ಅದು ಮನೆಯಲ್ಲಿ ಪ್ರಶ್ನೆ ಏಳುವುದನ್ನೇ ತಡೆಯುತ್ತದೆ.

ಕೋಲ್ಕತ್ತದ ಪಾದಚಾರಿ ಹಾದಿಗಳಲ್ಲಿ ಹುರಿಗಡಲೆ ಹಿಟ್ಟಿನ ಛಾತು ಈಗಲೂ ಮಾರುತ್ತಾರೆ. ನಮ್ಮ ನವಣೆಯಿಂದ ಬಂಗಾಳದ ಅಜ್ಜಿಯರು ಪಾಯಸ ಮಾಡುತ್ತಿದ್ದರು. ಮೈದಾ ಬಿಟ್ಟು ಎಳೆ ಮಾಡಲು ಹಿಟ್ಟಿಗೆ ಕೊರತೆಯಿಲ್ಲ.

ರಾಗಿ ಎಷ್ಟು ಪಾಲು ಎಂಬ ಅಂಕೆ ಪೊಟ್ಟಣದ ಮುಂಬದಿಗೆ, ತೆನೆಯ ಚಿತ್ರದ ಪಕ್ಕಕ್ಕೆ, ಅಷ್ಟೇ ದೊಡ್ಡದಾಗಿ ಬರಲಿ. ಅಲ್ಲಿಯವರೆಗೆ ಶಾಲೆಗಳು ಈ ಪೊಟ್ಟಣಗಳನ್ನು ಮೈದಾ ಎಂದೇ ಎಣಿಸಲಿ.