ಮನೆಮಾತಿನ ಮೂಲ: ‘ಸೀನು’

ನಮ್ಮ ಕನ್ನಡದಲ್ಲಿ ಸೀನುಗಳು ಮೂರು ಉಂಟು. ನೆಗಡಿಯಾದಾಗ ಬರುವುದು ಒಂದು; ಶ್ರೀನಿವಾಸನೆಂಬ ಹುಡುಗನನ್ನು ತಾಯಿ ಮುದ್ದಿನಿಂದ ಕೂಗುವುದು ಇನ್ನೊಂದು; ನಾಟಕದಲ್ಲಿ ಪರದೆ ಎದ್ದಾಗ ಕಾಣುವುದು ಮೂರನೆಯದು. ಮೊದಲೆರಡು ನಮ್ಮ ಮನೆಯವೇ ಆದುದರಿಂದ ಅವುಗಳ ಕುಲಗೋತ್ರವನ್ನು ವಿಚಾರಿಸಬೇಕಾದುದಿಲ್ಲ. ಮೂರನೆಯದು ಮಾತ್ರ ಬಹು ದೂರದಿಂದ ಬಂದ ಅತಿಥಿ. ಬಂದು ನೂರು ವರ್ಷಗಳಿಗೆ ಮೇಲಾಯಿತಾಗಿ, ಈಗ ಅದು ಅಡಿಗೆಯ ಮನೆಯವರೆಗೂ ನಡೆದು ಬಂದಿದೆ. ಅಂಗಡಿಯ ಮುಂದೆ ಹಟ ಹಿಡಿದ ಮಗುವಿಗೆ ತಾಯಿ ‘ಸೀನು ಮಾಡಬೇಡ’ ಎನ್ನುವಳು. ಆಗದ ಕೆಲಸವನ್ನು ಕುರಿತು ಬೆಂಗಳೂರಿನ ಹುಡುಗರು ‘ಸೀನೇ ಇಲ್ಲ’ ಎನ್ನುವರು. ಬೆಟ್ಟದ ಮೇಲೆ ನಿಂತವರು ‘ಸೀನರಿ ಚೆನ್ನಾಗಿದೆ’ ಎನ್ನುವರು. ಈ ಮೂರು ಮಾತುಗಳೂ ಒಂದೇ ತಾಯಿಯ ಮಕ್ಕಳೆಂದರೆ ನಮ್ಮ ವಾಚಕರಲ್ಲಿ ಕೆಲವರಿಗಾದರೂ ಆಶ್ಚರ್ಯವಾದೀತು. ಆ ತಾಯಿ ಲ್ಯಾಟಿನ್ ಭಾಷೆಯ ‘ಸ್ಕೇನಾ’ ಎಂಬ ಪದ. ಅದಕ್ಕೆ ರಂಗಸ್ಥಳವೆಂದು ಅರ್ಥ. ಈ ತಿಂಗಳು ಅದರ ಕಥೆಯನ್ನು ಹೇಳುವೆವು. ಹೇಳಲು ನಮಗೆ ಸ್ವಂತದ ಕಾರಣವೂ ಒಂದುಂಟು. ಅದನ್ನು ಕಡೆಯಲ್ಲಿ ಒಪ್ಪಿಸುವೆವು.

ರೋಮನರು ಈ ಪದವನ್ನು ಗ್ರೀಕರಿಂದ ಪಡೆದರು. ಗ್ರೀಕರ ನಾಟಕಶಾಲೆಗೆ ಮಾಡು ಇರಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ಜನ ಕುಳಿತುಕೊಳ್ಳುವರು. ಕೆಳಗಣ ಬಯಲಿನಲ್ಲಿ ಮೇಳದವರು ಕುಣಿದು ಹಾಡುವರು. ಒಬ್ಬನೇ ನಟನು ಒಂದು ವೇಷವನ್ನು ಕಳಚಿ ಮತ್ತೊಂದನ್ನು ತೊಡಬೇಕಾದರೆ ಮರೆಯೊಂದು ಬೇಕಷ್ಟೆ. ಅದಕ್ಕಾಗಿ ಬಯಲಿನ ಹಿಂದೆ ಡೇರೆಯನ್ನೋ ಗುಡಿಸಲನ್ನೋ ಹೂಡಿದರು. ಗ್ರೀಕ್ ಭಾಷೆಯಲ್ಲಿ ‘ಸ್ಕೇನೇ’ ಎಂದರೆ ಡೇರೆ. ಬರಬರುತ್ತ ಆ ಡೇರೆಯ ಮುಖವೇ ನಾಟಕದ ಅರಮನೆಯಾಯಿತು. ಅದರ ಬಾಗಿಲಿನಿಂದ ರಾಜರು ಹೊರಟುಬಂದರು. ಅದಕ್ಕೆ ಚಿತ್ರ ಬರೆಯುವ ಪದ್ಧತಿಯನ್ನು ತಂದವನು ನಾಟಕಕಾರನಾದ ಸೋಫೋಕ್ಲಿಸನೆಂದು ಅರಿಸ್ಟಾಟಲನು ಹೇಳಿರುವನು. ಹೀಗೆ ವೇಷ ಮರೆಸುವುದಕ್ಕೆ ಹುಟ್ಟಿದ ಸ್ಥಳವು ವೇಷ ಮೆರೆಸುವ ಸ್ಥಳವಾಯಿತು. ಈ ಪದದ ಅರ್ಥಗಳೆಲ್ಲವೂ ಈ ಮರೆ ಮತ್ತು ಮೆರೆತಗಳ ನಡುವೆಯೇ ತೂಗಾಡುತ್ತಿರುವುವೆಂಬುದನ್ನು ವಾಚಕರು ಗಮನಿಸಬೇಕು.

ರೋಮ್ ನಗರದಲ್ಲಿ ಬಹುಕಾಲ ಕಲ್ಲಿನ ನಾಟಕಶಾಲೆಯೇ ಇರಲಿಲ್ಲ. ಹಬ್ಬ ಬಂದಾಗ ಮರದ ಹಲಗೆಗಳಿಂದ ರಂಗವನ್ನು ಕಟ್ಟಿ, ಹಬ್ಬ ಮುಗಿದ ಮೇಲೆ ಬಿಚ್ಚಿಬಿಡುವರು. ಕ್ರಿಸ್ತಪೂರ್ವ ೫೮ರಲ್ಲಿ ಸ್ಕಾರಸನೆಂಬ ಅಧಿಕಾರಿಯು ಹಾಗೆ ಕೆಲವೇ ದಿನಗಳಿಗೆಂದು ಕಟ್ಟಿಸಿದ ಸ್ಕೇನಾಕ್ಕೆ ಮೂರು ಅಂತಸ್ತುಗಳೂ ೩೬೦ ಕಂಬಗಳೂ ಇದ್ದುವೆಂದು ಪ್ಲಿನಿಯು ಬರೆದಿರುವನು. ಪಾಂಪೆಯು ಸ್ಥಿರವಾದ ಕಲ್ಲಿನ ನಾಟಕಶಾಲೆಯನ್ನು ಜನರಿಗೆ ಒಪ್ಪಿಸಿದ್ದು ಕ್ರಿಸ್ತಪೂರ್ವ ೫೫ರಲ್ಲಿ. ಆ ಬಳಿಕ ವಿಟ್ರೂವಿಯಸನೆಂಬ ವಾಸ್ತುಪಂಡಿತನು ಸ್ಕೇನಾದ ಅಲಂಕಾರವು ಮೂರು ಬಗೆಯೆಂದು ವಿಂಗಡಿಸಿದನು: ರಾಜರ ಕಥೆಗೆ ಕಂಬಗಳುಳ್ಳ ಅರಮನೆ, ಹಾಸ್ಯದ ಕಥೆಗೆ ಕಿಟಕಿ ಮೊಗಸಾಲೆಗಳುಳ್ಳ ಗೃಹಸ್ಥರ ಮನೆ, ವನದೇವತೆಗಳ ಆಟಕ್ಕೆ ಮರ, ಗುಹೆ, ಬೆಟ್ಟ. ನಮ್ಮ ಕಂಪೆನಿ ನಾಟಕಗಳನ್ನು ಕಂಡ ಹಿರಿಯರು ಇದನ್ನು ಓದಿ ನಗದಿರಲಾರರು. ದರ್ಬಾರಿನ ಪರದೆ, ಬೀದಿಯ ಪರದೆ, ಕಾಡಿನ ಪರದೆ: ಈ ಮೂರಿದ್ದರೆ ಯಾವ ನಾಟಕವನ್ನಾದರೂ ಆಡಬಹುದೆಂದು ನಮ್ಮ ಕಂಪೆನಿಯವರೂ ಬಲ್ಲವರಾಗಿದ್ದರು. ಎರಡು ಸಾವಿರ ವರ್ಷಗಳ ಅಂತರದಲ್ಲಿಯೂ ಮನುಷ್ಯನ ಕಥೆಗೆ ಬೇಕಾದ ಹಿನ್ನೆಲೆಗಳು ಅಷ್ಟೆಯೋ ಏನೋ!

ಪದವು ಅಲ್ಲಿಗೇ ನಿಲ್ಲಲಿಲ್ಲ. ವರ್ಜಿಲ್ ಕವಿಯು ಬಂದರೊಂದನ್ನು ವರ್ಣಿಸುತ್ತ, ನೀರಿನ ಹಿಂದೆ ಅಲುಗಾಡಿ ಮಿನುಗುವ ಕಾಡನ್ನೇ ಸ್ಕೇನಾ ಎಂದು ಕರೆದನು. ಬೆಟ್ಟವನ್ನು ನೋಡಿ ನಾವು ‘ಸೀನರಿ’ ಎನ್ನುವ ದಾರಿಯನ್ನು ತೆರೆದವನು ಅವನೇ ಎನ್ನಬಹುದು. ಸಿಸಿರೋ ಎಂಬ ವಾಗ್ಮಿಯು ಶೋಕದಲ್ಲಿದ್ದ ಬ್ರೂಟಸನಿಗೆ ಕಾಗದ ಬರೆದು, ‘ಈಗ ನೀನು ಜನಕ್ಕೂ ಸ್ಕೇನಾಕ್ಕೂ ಸೇವೆ ಸಲ್ಲಿಸಬೇಕಾದವನು’ ಎಂಬರ್ಥದ ಮಾತನ್ನು ಹೇಳಿದನು. ಹತ್ತು ಕಣ್ಣುಗಳ ಎದುರಿಗೆ ನಿಂತವನು ತನ್ನ ದುಃಖವನ್ನು ನುಂಗಬೇಕೆಂಬುದು ಅದರ ಭಾವ. ಇಲ್ಲಿ ಸ್ಕೇನಾ ಎಂದರೆ ಲೋಕದ ಕಣ್ಣು. ವಿದ್ವಾಂಸನಾದ ವಾರ್ರೋ ಎಂಬವನು ಅಶ್ಲೀಲಕ್ಕೆ ಲ್ಯಾಟಿನಿನಲ್ಲಿ ಹೇಳುವ ಪದವೂ ಇದರಿಂದಲೇ ಹುಟ್ಟಿತೆಂದು ಬರೆದನು. ಇಂದಿನ ಭಾಷಾಶಾಸ್ತ್ರಜ್ಞರು ಅದನ್ನು ನೆಚ್ಚುವುದಿಲ್ಲ. ಆದರೂ ರಂಗವನ್ನು ಕಂಡರೆ ಮರ್ಯಾದಸ್ಥರು ಮೂಗು ಮುರಿಯುವ ಅಭ್ಯಾಸವು ಎಷ್ಟು ಹಳೆಯದೆಂಬುದಕ್ಕೆ ಅದು ಸಾಕ್ಷಿ. ಮುಂದೆ ಅಂಕದೊಳಗಣ ಒಂದು ಭಾಗಕ್ಕೂ ಇದೇ ಹೆಸರಾಯಿತು. ಪಾತ್ರಗಳು ಬಂದು ಹೋದಾಗ ಒಂದು ಸೀನು ಮುಗಿದು ಇನ್ನೊಂದು ತೊಡಗುವುದು. ಇಟಲಿಯವರ ಬಾಯಲ್ಲಿ ಅದು ‘ಶೇನಾ’, ಫ್ರೆಂಚರ ಬಾಯಲ್ಲಿ ‘ಸೆನ್’, ಇಂಗ್ಲಿಷರ ಬಾಯಲ್ಲಿ ‘ಸೀನ್’. ಕೊನೆಗೆ ಉಕಾರವನ್ನು ತೊಟ್ಟು ನಮ್ಮ ಮನೆಯ ಸೀನು.

ಹಾಗಾದರೆ ಈ ಅತಿಥಿಯು ಬರುವ ಮುನ್ನ ನಮಗೆ ರಂಗವಿರಲಿಲ್ಲವೇ ಎಂದು ಕೇಳಬಹುದು. ಇತ್ತು, ಚಿತ್ರದ ಸೀನು ಮಾತ್ರ ಇರಲಿಲ್ಲ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ರಂಗಪೀಠವುಂಟು, ನೇಪಥ್ಯವುಂಟು, ಜವನಿಕೆಯುಂಟು. ಮನುಷ್ಯರಿಗೆ ೬೪ ಮೊಳ ಉದ್ದ, ೩೨ ಮೊಳ ಅಗಲದ ನಾಟ್ಯಗೃಹವು ತಕ್ಕುದೆಂದೂ, ಅದಕ್ಕಿಂತ ದೊಡ್ಡದಾದರೆ ಮಾತು ಕೇಳಿಸದು, ಮುಖದ ಭಾವ ಕಾಣಿಸದು ಎಂದೂ ಅಲ್ಲಿ ಹೇಳಿದೆ. ಕಾಡು ಬೇಕಾದರೆ ನಟನು ಕೊಂಬೆಯನ್ನು ಸರಿಸುವಂತೆ ಕೈಯಾಡಿಸಿದರೆ ಸಾಕು. ನಮ್ಮ ಯಕ್ಷಗಾನದ ರಂಗಸ್ಥಳಕ್ಕೂ ಚಿತ್ರದ ಪರದೆ ಬೇಡ. ಅದರ ‘ಚೌಕಿ’ ಮಾತ್ರ ಬೇಕು. ಆ ಚೌಕಿಯೆಂಬ ಬಣ್ಣದ ಮನೆಯು ಗ್ರೀಕರ ಮೊದಲ ಡೇರೆಗೆ ಖಾಸಾ ಸೋದರ.

ಬಣ್ಣದ ಪರದೆಗಳು ನಮ್ಮಲ್ಲಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಲ್ಲಿ, ಪಾರ್ಸಿ ಕಂಪೆನಿಗಳ ಮಾದರಿಯಿಂದ. ಮೈಸೂರಿನ ದೊರೆಗಳಾದ ಹತ್ತನೆಯ ಚಾಮರಾಜ ಒಡೆಯರವರು ಅರಮನೆಯ ನಾಟಕ ಮಂಡಲಿಗೆ ಆಶ್ರಯವಿತ್ತರು. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿ ಅಭಿನವ ಕಾಳಿದಾಸರೆನಿಸಿಕೊಂಡರು. ೧೮೮೪ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪೆನಿ ಹುಟ್ಟಿತು. ಮುಂದೆ ವೀರಣ್ಣನವರ ಕಾಲದಲ್ಲಿ ಆ ಕಂಪೆನಿಯು ‘ಕುರುಕ್ಷೇತ್ರ’ ನಾಟಕಕ್ಕೆ ಜೀವಂತವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ನಾಡನ್ನು ಬೆರಗುಗೊಳಿಸಿತು. ‘ಸೀನು ಎಳೆ’, ‘ಸೀನು ಬಿಡು’ ಎಂಬ ಮಾತುಗಳು ಕಂಪೆನಿಗಳಿಂದ ಹಳ್ಳಿಗಳಿಗೆ ಇಳಿದುವು.

ಅದೇ ಚಾಮರಾಜ ಒಡೆಯರವರು ೧೮೮೨ರಲ್ಲಿ ಬೆಂಗಳೂರಿನ ಪೂರ್ವಕ್ಕೆ ೩,೯೦೦ ಎಕರೆ ಭೂಮಿಯನ್ನು ಆಂಗ್ಲೋ ಇಂಡಿಯನರ ಸಂಘಕ್ಕೆ ಕೊಟ್ಟರು. ವೈಟ್ ಎಂಬವರ ಹೆಸರಿನಿಂದ ಅದು ವೈಟ್‌ಫೀಲ್ಡ್ ಆಯಿತು. ಒಬ್ಬರೇ ದೊರೆಯ ಕಾಲದಲ್ಲಿ ಸೀನೂ ವೈಟ್‌ಫೀಲ್ಡೂ ನಮಗೆ ಬಂದುವೆಂಬುದು ನಮಗೆ ಪ್ರಿಯವಾದ ಸಂಗತಿ. ಏಕೆಂದರೆ ನಾವು ಈಗ ವಾಸವಾಗಿರುವುದು ಆ ಕಡೆಯಲ್ಲಿಯೇ. ಇಲ್ಲಿ ಇಂದು ಸಾಫ್ಟ್‌ವೇರ್ ಕಚೇರಿಗಳು ಎದ್ದಿವೆ. ಪೀಣ್ಯದಲ್ಲಿ ಕಾರ್ಖಾನೆಗಳು ನೆಲೆಸಿವೆ. ೧೯೭೮ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ೩೩೨ ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತಳಹದಿಯಾಯಿತು. ೨೦೧೧ರಲ್ಲಿ ವೈಟ್‌ಫೀಲ್ಡಿನ ಬಳಿಯ ರಾಮಗೊಂಡನಹಳ್ಳಿಯಲ್ಲಿ ‘ಜಾಗೃತಿ’ ಎಂಬ ಅಚ್ಚುಕಟ್ಟಾದ ನಾಟಕಶಾಲೆಯೂ ತೆರೆಯಿತು. ಆದರೆ ಈ ಸೀಮೆಯ ಹಳೆಯ ಹಳ್ಳಿಗಳಲ್ಲಿ ಇನ್ನೊಂದು ರಂಗವು ಇದಕ್ಕೂ ಮೊದಲಿನಿಂದ ಇದೆ. ಅದನ್ನು ನಾವು ಬಹುಕಾಲ ಕಾಣಲಿಲ್ಲ.

ಅದೆಂತೆಂದರೆ, ಊರ ಹಬ್ಬಕ್ಕೋ ಜಾತ್ರೆಗೋ ಊರಿನವರೇ ಪೌರಾಣಿಕ ನಾಟಕವನ್ನು ಆಡುವರು. ರೈತನೂ ಆಟೋ ನಡೆಸುವವನೂ ಕಾರ್ಖಾನೆಯ ಕೆಲಸಗಾರನೂ ಸೇರಿ, ಹಾರ್ಮೋನಿಯಂ ಮೇಷ್ಟರ ಮುಂದೆ ತಿಂಗಳುಗಟ್ಟಲೆ ರಾತ್ರಿಯ ಹೊತ್ತು ಪದ್ಯಗಳನ್ನು ಕಲಿಯುವರು. ಪಾತ್ರ ವಹಿಸಿದವರಿಗೆ ಸಂಬಳವಿಲ್ಲ. ಅವರೇ ತಮ್ಮ ಪಾಲಿನ ಹಣವನ್ನು ತೆರುವರು, ದುರ್ಯೋಧನನಂಥ ದೊಡ್ಡ ಪಾತ್ರಕ್ಕೆ ಹೆಚ್ಚಾಗಿಯೇ ತೆರುವರು. ‘ಡ್ರಾಮಾ ಸೀನರಿ’ಯವರಿಂದ ಪರದೆ, ಕಿರೀಟ, ಗದೆಗಳು ಬಾಡಿಗೆಗೆ ಬರುವುವು. ರೋಮನರಂತೆ ಇವರೂ ಒಂದು ರಾತ್ರಿಗೆಂದು ಅಟ್ಟ ಕಟ್ಟಿ, ಬೆಳಗಾದ ಮೇಲೆ ಬಿಚ್ಚುವರು.

ಈಗ ನಮ್ಮ ತಪ್ಪನ್ನು ಒಪ್ಪಿಸುವ ಸಮಯ ಬಂದಿತು. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಹಿಂದಣ ಹಳ್ಳಿಯಲ್ಲಿ ಇಂತಹ ನಾಟಕವಾಗುವ ಸುದ್ದಿ ಬಂದಾಗ, ನಿದ್ರೆ ಕೆಡುವುದೆಂದು ಒಂದು ದೂರಿನ ಪತ್ರ ಸಿದ್ಧವಾಯಿತು. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವು ನಿಷಿದ್ಧವಷ್ಟೆ. ಹಬ್ಬಗಳಿಗೆಂದು ಸರ್ಕಾರವು ವರ್ಷಕ್ಕೆ ೧೫ ದಿನಗಳಿಗೆ ಮೀರದಂತೆ ನಡುರಾತ್ರಿಯವರೆಗೆ ಮಾತ್ರ ಸಡಿಲಿಸಬಹುದು. ನ್ಯಾಯವು ನಮ್ಮ ಕಡೆಗಿತ್ತು. ನಾವೂ ರುಜು ಹಾಕಿದೆವು. ಅದೇ ವಾರ ನಮ್ಮ ನೀರಿನ ಮೋಟಾರು ಕೆಟ್ಟಿತು. ಯಾವಾಗಲೂ ಬರುವ ರಿಪೇರಿಯವನು, ‘ಎರಡು ದಿನ ತಾಳಿ ಸ್ವಾಮಿ, ಕೆಲಸವಿದೆ’ ಎಂದನು. ಸಬೂಬೆಂದು ನಾವು ಗೊಣಗಿದೆವು.

ಆ ರಾತ್ರಿ ನಾಟಕವು ಹತ್ತಕ್ಕೆ ನಿಂತಿತು. ನಿಂತುದನ್ನು ನೋಡಿಬರೋಣವೆಂಬ ಕುತೂಹಲದಿಂದ ನಾವು ಹಿಂದಣ ಗೇಟಿನಿಂದ ಹೊರಟೆವು. ಅಟ್ಟದ ಮೇಲೆ ದರ್ಬಾರಿನ ಪರದೆ ಹಾಗೆಯೇ ಇಳಿಬಿದ್ದಿತ್ತು. ಅದರ ಹಿಂದೆ, ಪೆಟ್ಟಿಗೆಯ ಮೇಲೆ, ಕಿರೀಟವನ್ನು ತೊಡೆಯಲ್ಲಿಟ್ಟುಕೊಂಡು ಕರ್ಣನು ಕುಳಿತಿದ್ದನು. ಅವನು ನಮ್ಮ ಮೋಟಾರಿನವನು. ಅವನ ಸರದಿ ಬರುವ ಮೊದಲೇ ಹತ್ತು ಹೊಡೆದಿತ್ತು. ನಮ್ಮನ್ನು ಕಂಡು ಎದ್ದು ನಿಂತು, ‘ನಾಳೆ ಬೆಳಿಗ್ಗೆ ಬಂದು ಮೋಟಾರು ನೋಡುತ್ತೇನೆ ಸ್ವಾಮಿ’ ಎಂದನೇ ಹೊರತು ಬೇರೇನೂ ಹೇಳಲಿಲ್ಲ. ದೂರಿನ ಪತ್ರದಲ್ಲಿ ನಮ್ಮ ರುಜು ಇದ್ದುದು ಅವನಿಗೆ ತಿಳಿದಿತ್ತೋ ಇಲ್ಲವೋ. ಕೇಳುವ ಧೈರ್ಯ ನಮಗಾಗಲಿಲ್ಲ. ಮಾತಿನಂತೆ ಬೆಳಿಗ್ಗೆ ಬಂದನು. ಕಿವಿಯ ಹಿಂದೆ ಬಣ್ಣ ಇನ್ನೂ ಉಳಿದಿತ್ತು.

ವಾಚಕರೇ, ಹತ್ತು ವರ್ಷಗಳಿಂದ ನಮ್ಮ ಮನೆಗೆ ಬರುತ್ತಿದ್ದ ಮನುಷ್ಯನನ್ನು ನಾವು ಅಂದಿನವರೆಗೆ ಡೇರೆಯ ಹಿಂಭಾಗದಿಂದ ಮಾತ್ರ ನೋಡಿದ್ದೆವು. ನಮ್ಮ ನೀರು, ದೀಪ, ರಸ್ತೆ, ಕಚೇರಿಗಳೆಲ್ಲವೂ ಇಂಥವರ ಮರೆಯ ದುಡಿಮೆಯಿಂದ ನಡೆಯುತ್ತಿರುವುವು. ವರ್ಷಕ್ಕೆ ಒಂದೇ ರಾತ್ರಿ ಅವರು ಮರೆಯಿಂದ ಮೆರೆತಕ್ಕೆ ಬರುವರು. ಅದನ್ನು ‘ಸೀನು ಮಾಡುವುದು’ ಎಂದು ಜರೆದರೆ, ಪದಕ್ಕೂ ಅನ್ಯಾಯ, ಮನುಷ್ಯನಿಗೂ ಅನ್ಯಾಯ.

ನಿಯಮವನ್ನು ಮುರಿಯಿರೆಂದು ನಾವು ಹೇಳುವುದಿಲ್ಲ. ಎಳೆಗೂಸುಗಳಿಗೂ ವೃದ್ಧರಿಗೂ ನಿದ್ರೆ ಬೇಕು. ಮರುವರ್ಷ ನಾವು ಕೆಲವು ಮನೆಯವರು ಹಳ್ಳಿಯ ಹಿರಿಯರ ಬಳಿಗೆ ಹೋಗಿ ಕುಳಿತು ಮಾತನಾಡಿದೆವು. ಒಂದು ರಾತ್ರಿಯ ಆಟವನ್ನು ಎರಡು ಸಂಜೆಗಳಿಗೆ ಹಂಚಿ, ಆರು ಗಂಟೆಗೆ ತೊಡಗಿ ಹತ್ತಕ್ಕೆ ಮುಗಿಸಲು ಅವರು ಒಪ್ಪಿದರು. ಮಕ್ಕಳೊಡನೆ ಬಂದು ಮುಂದೆ ಕುಳಿತುಕೊಳ್ಳಲು ನಾವು ಒಪ್ಪಿದೆವು. ಹತ್ತಿರ ಕುಳಿತವರಿಗೆ ಭರತಮುನಿಯು ಹೇಳಿದಂತೆ ಮಾತೂ ಕೇಳಿಸಿತು, ಮುಖವೂ ಕಾಣಿಸಿತು. ಕರ್ಣನು ಎರಡನೆಯ ಸಂಜೆ ಎಂಟೂವರೆಗೆ ರಂಗಕ್ಕೆ ಬಂದನು. ಅವನ ಕಂಠ ಅಷ್ಟೇನೂ ಚೆನ್ನಾಗಿರಲಿಲ್ಲ. ಪದ್ಯದ ನಡುವೆ ಒಮ್ಮೆ ಮರೆತು ಮೇಷ್ಟರ ಕಡೆಗೆ ನೋಡಿದನು. ಆದರೂ ಕವಚವನ್ನು ಕಿತ್ತುಕೊಡುವ ಹೊತ್ತಿಗೆ ನಮ್ಮ ಪಕ್ಕದಲ್ಲಿದ್ದ ಹುಡುಗಿ ಕಣ್ಣೊರಸಿಕೊಂಡಳು.

ಮನೆಗೆ ಬರುತ್ತ ಅವಳು ಕೇಳಿದಳು: ‘ಆ ಮಾಮ ನಮ್ಮ ಮೋಟಾರು ಸರಿಮಾಡುವ ಮಾಮನೇ ಅಲ್ಲವೇ?’ ಹೌದೆಂದೆವು. ‘ಹಾಗಾದರೆ ನಾಳೆ ಅವರಿಗೆ ನಮಸ್ಕಾರ ಮಾಡಬೇಕು’ ಎಂದಳು. ಲ್ಯಾಟಿನ್ ಪದದ ಅರ್ಥವನ್ನು ಕುರಿತು ನಾವು ಇಲ್ಲಿಯವರೆಗೆ ಬರೆದುದೆಲ್ಲವನ್ನೂ ಆ ಕೂಸು ಒಂದೇ ಮಾತಿನಲ್ಲಿ ಹೇಳಿಬಿಟ್ಟಿತು. ನಿಮ್ಮ ನೆರೆಯ ಊರಿನಲ್ಲಿಯೂ ಈ ವರ್ಷ ಅಟ್ಟ ಕಟ್ಟುವರು. ದೂರಿನ ಪತ್ರಕ್ಕೆ ಮೊದಲು ಒಮ್ಮೆ ಹೋಗಿ ನೋಡಿ. ಅಲ್ಲಿ ನಿಮಗೆ ಗೊತ್ತಿರುವವರು ಯಾರಾದರೂ ಇದ್ದಾರು.